ಖಾಲಿ ಬಿಟ್ಟ ಚೌಕ

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನರಸಿಂಹ ಕಂಬವೆಂದು ಹೆಸರಾದ ಒಂದು ಕಂಬವಿದೆ. ಅದರ ಮೈತುಂಬ ಸಣ್ಣ ಸಣ್ಣ ವಿಗ್ರಹಗಳು. ಕಡಲೆಕಾಳಿನಷ್ಟೇ ಗಾತ್ರದ ಬಸವನೊಬ್ಬನೂ ಅಲ್ಲಿದ್ದಾನೆ. ಅವನನ್ನು ಜನ ಕಡಲೆ ಬಸವನೆಂದೇ ಕರೆಯುತ್ತಾರೆ. ಇಷ್ಟೊಂದು ಕಿಕ್ಕಿರಿದ ಕಂಬದಲ್ಲಿ ಒಂದೇ ಒಂದು ಪುಟ್ಟ ಚೌಕ ಮಾತ್ರ ಖಾಲಿಯಾಗಿದೆ. ತನಗೆ ಸರಿಸಮನಾದ ಶಿಲ್ಪಿ ಯಾವನಾದರೂ ಮುಂದೆ ಬಂದರೆ ಅವನು ತುಂಬಲಿ ಎಂದು ಅದನ್ನು ಕೆತ್ತಿದವನು ಬಿಟ್ಟುಹೋದನೆಂಬುದು ಐತಿಹ್ಯ. ಬಾಲ್ಯದಿಂದ ನಾನು ಆ ಚೌಕವನ್ನು ನೋಡುತ್ತ ಬಂದಿದ್ದೇನೆ. ಪರಸ್ಥಳದಿಂದ ಬಂದ ನೆಂಟರಿಗೆ ಬೆರಳಿಟ್ಟು ತೋರಿಸಿದ್ದೇನೆ. ಅದು ಶಿಲ್ಪಿಯ ಗರ್ವದ ಗುರುತೆಂದೇ ಬಹುಕಾಲ ನಂಬಿದ್ದೆ. ಹಾಗಲ್ಲವೆಂದು ತೋರಿದ್ದು ಕಳೆದ ಬೇಸಿಗೆಯಲ್ಲಿ; ಅದೂ ದೇವಾಲಯದಲ್ಲಲ್ಲ, ನಮ್ಮ ಮನೆಯ ನಡುಮನೆಯಲ್ಲಿ, ನನ್ನ ಸೋದರಳಿಯನ ಕಂಪ್ಯೂಟರಿನ ಮುಂದೆ.

ಅಳಿಯನಿಗೆ ಈಗ ನಲವತ್ತು ದಾಟಿದೆ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಬೇಸಿಗೆಯ ರಜೆಗೆ ಮಗಳನ್ನೂ ತಾಯಿಯನ್ನೂ, ಎಂದರೆ ನನ್ನ ಅಕ್ಕನನ್ನೂ, ಕರೆದುಕೊಂಡು ಬೇಲೂರಿಗೆ ಬಂದಿದ್ದ. ಒಂದು ರಾತ್ರಿ ಊಟವಾದ ಮೇಲೆ ಅವನು ಪರದೆಯ ಮೇಲೆ ಕಣ್ಣು ನೆಟ್ಟು ಕುಳಿತಿದ್ದ. ಕಚೇರಿಯ ಕೆಲಸವಿರಬೇಕೆಂದು ಇಣುಕಿ ನೋಡಿದರೆ, ಕೆಂಪು ಟೋಪಿಯ ಮೀಸೆಯ ಕುಳ್ಳನೊಬ್ಬ ಇಟ್ಟಿಗೆಯಿಂದ ಇಟ್ಟಿಗೆಗೆ ನೆಗೆಯುತ್ತಿದ್ದ!

“ಇನ್ನೂ ಇದನ್ನೇ ಆಡ್ತೀಯೇನೋ?” ಎಂದೆ.

“ಆಡೋದಷ್ಟೇ ಅಲ್ಲ ಮಾವ, ಮಾಡ್ ಮಾಡ್ತೀನಿ” ಎಂದ.

ನನ್ನ ಕಿವಿಗೆ ಅದು “ಮಾಡು” ಎಂದೇ ಕೇಳಿಸಿತು. ಇಂಗ್ಲಿಷಿನಲ್ಲಿ ಅದಕ್ಕೆ ಮಾರ್ಪಾಡೆಂದು ಅರ್ಥವಂತೆ. ಹಳೆಯ ಆಟವೊಂದನ್ನು ತೆಗೆದುಕೊಂಡು, ಅದರ ಮೂಲ ನಿಯಮಗಳನ್ನು ಹಾಗೆಯೇ ಉಳಿಸಿ, ಹಳ್ಳ ದಿಣ್ಣೆಗಳನ್ನೂ ಗೋಡೆ ಬಾಗಿಲುಗಳನ್ನೂ ತಾನೇ ಹೊಸದಾಗಿ ಜೋಡಿಸುವುದು. ಹಾಗೆ ಜೋಡಿಸಿದ್ದನ್ನು ಬೇರೆಯವರಿಗೆ ಆಡಲು ಕೊಡುವುದು. ಅವನಿಗೆ ದುಡ್ಡು ಬರುವುದಿಲ್ಲ, ಹೆಸರೂ ಬಾರದು. ಆದರೂ ಹೀಗೆ ರಾತ್ರಿಯೆಲ್ಲ ಕೂರುವವರು ಜಗತ್ತಿನಲ್ಲಿ ಸಾವಿರಾರು ಜನರಿದ್ದಾರೆ. ಯಾತಕ್ಕೆ?

ಈ ಬಗೆಯ ಆಟಕ್ಕೆ ಪ್ಲಾಟ್‌ಫಾರ್ಮ್ ಗೇಮ್ ಎಂದು ಹೆಸರು. ಕಟ್ಟೆಯಿಂದ ಕಟ್ಟೆಗೆ ನೆಗೆಯುವ ಆಟ ಎನ್ನಬಹುದು. ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ರೂಪಿಸಿದ ‘ಡಾಂಕಿ ಕಾಂಗ್’ 1981ರಲ್ಲಿ ಬಂದಿತು. ಅದರಲ್ಲಿ ನೆಗೆಯುತ್ತಿದ್ದ ಆಳು 1985ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟದ ನಾಯಕನಾದ. ನಮ್ಮ ಕಡೆಗೆ ಅದು ಬಂದದ್ದು ತೊಂಬತ್ತರ ದಶಕದಲ್ಲಿ, ಟೆಲಿವಿಷನ್ನಿಗೆ ಸಿಕ್ಕಿಸುವ ಅಗ್ಗದ ನಕಲಿ ಪೆಟ್ಟಿಗೆಗಳ ರೂಪದಲ್ಲಿ. ಪೆಟ್ಟಿಗೆಯ ಬಾಯಿಗೆ ತುರುಕುವ ತುಂಡನ್ನು ಮಕ್ಕಳು ಕ್ಯಾಸೆಟ್ಟು ಎನ್ನುತ್ತಿದ್ದರು. ಅದರ ಮೇಲೆ ನೂರಾರು ಆಟಗಳಿವೆಯೆಂದು ಬರೆದಿರುತ್ತಿತ್ತು. ಒಳಗಿರುತ್ತಿದ್ದುದು ಹತ್ತೋ ಹದಿನೈದೋ. ಅವೇ ತಿರುತಿರುಗಿ ಬರುತ್ತಿದ್ದವು.

ಅಂಥದೊಂದು ಪೆಟ್ಟಿಗೆ ನಮ್ಮ ಮನೆಯಲ್ಲೂ ಇತ್ತು. ಅಳಿಯ ಆಗ ಹೈಸ್ಕೂಲು ಓದಲು ನಮ್ಮಲ್ಲಿದ್ದ. ನಾನು ಗಣಿತದ ಮೇಷ್ಟರು. 1998ರಲ್ಲಿ, ಪರೀಕ್ಷೆ ಹತ್ತಿರ ಬಂದಿದ್ದಾಗ, ಅವನು ಶಾಲೆಗೆ ಹೋಗಿದ್ದ ಹೊತ್ತು ನೋಡಿ ಆ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಚೀಲದಲ್ಲಿ ಲೆಕ್ಕದ ಚೌಕಳಿ ನೋಟುಪುಸ್ತಕವೊಂದಿತ್ತು. ಲೆಕ್ಕವಿರಬೇಕಾದಲ್ಲಿ ಪುಟಪುಟಕ್ಕೂ ಕಟ್ಟೆ, ಮೆಟ್ಟಿಲು, ಹಳ್ಳ. ಒಂದೊಂದು ಚೌಕಕ್ಕೂ ಪೆನ್ಸಿಲಿನಿಂದ ಬಣ್ಣ. ಕಾಗದ ಹಾಳುಮಾಡಿದ್ದಾನೆಂದು ಕೋಪ ಬಂದು ಅದನ್ನು ಹರಿದು ನೀರೊಲೆಗೆ ಹಾಕಿದೆ. ಆ ವರ್ಷ ಅವನು ಲೆಕ್ಕದಲ್ಲಿ ಒಳ್ಳೆಯ ಅಂಕ ತೆಗೆದ. ಅದು ನನ್ನ ಗೆಲುವೆಂದೇ ಎಷ್ಟೋ ವರ್ಷ ತಿಳಿದಿದ್ದೆ.

ಈಗ ಅವನು ಪರದೆಯ ಮೇಲೆ ತೋರಿಸಿದ ಹೊಸ ಘಟ್ಟದಲ್ಲಿ ಸಾಲಾಗಿ ಕಂಬಗಳಿದ್ದವು, ಒಂದರಂತೆ ಒಂದಿಲ್ಲ. ಕಂಬದ ತಲೆಯಿಂದ ತಲೆಗೆ ನೆಗೆದು ದಾಟಬೇಕು. “ನಮ್ಮ ದೇವಸ್ಥಾನವಲ್ಲವೇನೋ ಇದು?” ಎಂದೆ. “ಹೌದು ಮಾವ. ಆ ಪುಸ್ತಕದಲ್ಲಿ ಬರೆದಿದ್ದೆನಲ್ಲ, ಅದೇ ಇದು. ನೆನಪಿದ್ದಷ್ಟು ಮತ್ತೆ ಹಾಕಿದೀನಿ” ಎಂದ. ಅವನ ದನಿಯಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಂದಿನಿಂದ ನಾನು ನನ್ನ ಕಕ್ಷಿಯನ್ನು ನಾನೇ ವಾದಿಸಿ ನೋಡಿದ್ದೇನೆ. ನನ್ನ ಮೊದಲ ವಾದವಿದು: ಇದೆಲ್ಲ ಬರಿಯ ಬಾಲ್ಯದ ಹಂಬಲ. ಕಳೆದುಹೋದ ವಯಸ್ಸನ್ನು ಆಟಿಕೆಯಲ್ಲಿ ಹುಡುಕುವುದು ಪ್ರೌಢನಿಗೆ ತಕ್ಕುದಲ್ಲ. ಆದರೆ ಈ ವಾದ ನಿಲ್ಲುವುದಿಲ್ಲ. ಆ ಆಟ ಬಂದು ಎಷ್ಟೋ ವರ್ಷವಾದ ಮೇಲೆ ಹುಟ್ಟಿದವರೂ ಇಂದು ಅದನ್ನು ಆಡುತ್ತಾರೆ. ಅವರಿಗೆ ಅದರಲ್ಲಿ ನೆನೆಯಲು ಯಾವ ಬಾಲ್ಯವೂ ಇಲ್ಲ. ಆಟವನ್ನು ಮೊದಲಿನಿಂದ ಕೊನೆಯವರೆಗೆ ಅತಿ ಬೇಗ ಮುಗಿಸುವ ಪಂದ್ಯವೊಂದಿದೆಯಂತೆ. 2021ರಲ್ಲಿ, ಎಂದರೆ ಆಟ ಹುಟ್ಟಿ 36 ವರ್ಷಗಳಾದ ಮೇಲೆ, ಮನುಷ್ಯರ ಕೈ 4 ನಿಮಿಷ 55 ಸೆಕೆಂಡಿನ ಗೆರೆಯನ್ನೂ ದಾಟಿತು. ಬರಿಯ ಹಂಬಲ ಇಷ್ಟು ಶ್ರಮ ಪಡುವುದಿಲ್ಲ.

ಹಾಗಾದರೆ ಇದರಲ್ಲಿರುವುದೇನು? ಅಳಿಯ ಹೇಳಿದ ಎರಡು ಮಾತು ನನ್ನ ಮನಸ್ಸಿನಲ್ಲಿ ನಿಂತಿವೆ. ಮೊದಲನೆಯದು, ಇಡೀ ಆಟ ಅಡಗಿದ್ದುದು ಕೇವಲ 40 ಕಿಲೊಬೈಟ್ ಜಾಗದಲ್ಲಿ. ಇಂದು ಫೋನಿನಲ್ಲಿ ತೆಗೆಯುವ ಒಂದು ಚಿತ್ರಕ್ಕೂ ಅದರ ಹತ್ತಾರು ಪಟ್ಟು ಜಾಗ ಬೇಕು. ಜಾಗವಿಲ್ಲವೆಂದು ಅದನ್ನು ಮಾಡಿದವರು ಮೇಲಿನ ಮೋಡಕ್ಕೂ ಕೆಳಗಿನ ಪೊದೆಗೂ ಒಂದೇ ಆಕಾರ ಬಳಸಿ ಬಣ್ಣ ಮಾತ್ರ ಬದಲಿಸಿದರು. ಬಡತನದ ಮನೆಯಲ್ಲಿ ಹಳೆಯ ಸೀರೆ ಕೌದಿಯಾಗುವ ಹಾಗೆ! ಎರಡನೆಯದು, ಆಟದ ಆರಂಭದಲ್ಲಿ ಅದನ್ನು ಹೇಗೆ ಆಡಬೇಕೆಂಬ ಉಪದೇಶವಿಲ್ಲ. ಬಲಗಡೆಯಿಂದ ಅಣಬೆಯಂಥ ಪ್ರಾಣಿಯೊಂದು ನಿಧಾನವಾಗಿ ಬರುತ್ತದೆ. ಸುಮ್ಮನೆ ನಿಂತರೆ ಸಾಯುತ್ತೀರಿ, ನೆಗೆದರೆ ಬದುಕುತ್ತೀರಿ. ಒಂದು ಸಲ ಸತ್ತವನಿಗೆ ಎರಡನೆಯ ಸಲ ಪಾಠ ಬೇಕಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಮಿತವಾಗಿ ಕಲಿಸಲು ಬಂದಿರಲಿಲ್ಲ.

ಗುಂಡಿಯನ್ನು ಇಷ್ಟು ಒತ್ತಿದರೆ ಜಿಗಿತ ಇಷ್ಟೆತ್ತರ. ಅದು ನಿನ್ನೆಯೂ ಅಷ್ಟೇ, ನಾಳೆಯೂ ಅಷ್ಟೇ. ಹಳ್ಳಕ್ಕೆ ಬಿದ್ದರೆ ತಪ್ಪು ನಮ್ಮದೇ. ನಮ್ಮ ನಿತ್ಯಜೀವನದಲ್ಲಿ ಸೋಲಿನ ಕಾರಣ ಯಾವುದೆಂದು ತಿಳಿಯುವುದೇ ಕಷ್ಟ. ದುಡಿದವನಿಗೆ ಫಲವಿಲ್ಲ, ದುಡಿಯದವನಿಗೆ ಬಡ್ತಿ. ಅಂಥ ಜಗತ್ತಿನಲ್ಲಿ ದಿನವೆಲ್ಲ ಕಳೆದು ಬಂದವನಿಗೆ, ಪಕ್ಷಪಾತವಿಲ್ಲದ ಒಂದು ಸಣ್ಣ ಹಳ್ಳ ಎಷ್ಟು ದೊಡ್ಡ ನೆಮ್ಮದಿ! ಅಲ್ಲದೆ ಆ ಆಟಕ್ಕೆ ಮುಕ್ತಾಯವಿದೆ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಘಟ್ಟ. 32 ದಾಟಿದರೆ ಮುಗಿಯಿತು. ಇಂದು ಫೋನಿನಲ್ಲಿ ಬರುವ ಎಷ್ಟೋ ಆಟಗಳು ಮುಗಿಯುವುದೇ ಇಲ್ಲ. ಸೋತವನಿಗೆ ಇನ್ನೊಂದು ಜೀವವನ್ನು ದುಡ್ಡಿಗೆ ಮಾರುತ್ತವೆ. ಮುಗಿಯುವ ಆಟ ಮನುಷ್ಯನನ್ನು ಬಿಟ್ಟುಕೊಡುತ್ತದೆ. ಬಿಟ್ಟುಕೊಡುವುದರಿಂದಲೇ ಅವನು ಪ್ರೀತಿಯಿಂದ ಮರಳಿ ಬರುತ್ತಾನೆ.

ಇಷ್ಟು ಒಪ್ಪಿದ ಮೇಲೂ ನನ್ನ ಎರಡನೆಯ ವಾದ ಉಳಿಯುತ್ತದೆ; ಇದು ಮೊದಲಿನದಕ್ಕಿಂತ ಗಟ್ಟಿ. ಅಷ್ಟು ಚೆನ್ನಾಗಿರುವುದಾದರೆ ಅದನ್ನು ಬದಲಿಸುವುದೇಕೆ? ಇನ್ನೊಬ್ಬನು ಮಾಡಿದ್ದರ ಮೇಲೆ ಕೈ ಹಾಕಲು ಇವನಿಗೇನು ಅಧಿಕಾರ? ಇದಕ್ಕೆ ಉತ್ತರ ನಮ್ಮ ಮನೆಯ ಜಗಲಿಯಲ್ಲೇ ಸಿಕ್ಕಿತು.

ಮರುದಿನ ಮಧ್ಯಾಹ್ನ ಅಕ್ಕನೂ ಅವಳ ಮೊಮ್ಮಗಳೂ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು; ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಇದರಾಚೆಗೆ ಮನೆಗೊಂದು ನಿಯಮ. ಐದು ಮನೆಯ ಪಟವೋ ಏಳು ಮನೆಯದೋ? ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೋ ಇಲ್ಲವೋ? ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೋ? ಮದುವೆಯಾಗಿ ಬಂದ ಸೊಸೆ ತವರಿನ ನಿಯಮವನ್ನು ತಂದು ಅತ್ತೆಯ ಮನೆಯ ಆಟವನ್ನು ತಿದ್ದಿದ್ದೂ ಉಂಟು. ಈ ಆಟವನ್ನು ಮೊದಲು ಮಾಡಿದವನು ಯಾರೆಂದು ಯಾರಿಗೂ ಗೊತ್ತಿಲ್ಲ. ಅದು ಉಳಿದು ಬಂದಿರುವುದು ಹೀಗೆ ತಿದ್ದಿಸಿಕೊಳ್ಳುತ್ತ ಬಂದದ್ದರಿಂದಲೇ.

ಆ ದಿನ ಹುಡುಗಿಗೆ ಒಂದು ಕಾಯನ್ನೂ ಹೊಡೆಯಲಾಗಿರಲಿಲ್ಲ. ಅಕ್ಕನ ಕಾಯಿಗಳು ಆಗಲೇ ಒಳಸುತ್ತಿನಲ್ಲಿದ್ದವು. “ಅಜ್ಜಿ, ಹೊಡೀದೇನೂ ಒಳಗೆ ಹೋಗಬಹುದು ಅಂತ ಇಟ್ಕೊಳೋಣ” ಎಂದಳು. ಅಕ್ಕ ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತ, “ಮುಂದಿನ ಆಟಕ್ಕೆ ಹಾಗೇ ಇಟ್ಕೊಳೋಣ ಪುಟ್ಟಿ, ಈ ಆಟ ಹೀಗೇ ಮುಗೀಲಿ” ಎಂದಳು. ಮುಂದಿನ ಆಟವನ್ನು ಹುಡುಗಿ ಹೇಳಿದಂತೆಯೇ ಆಡಿದರು.

ನಾನು ಓದಿದ ನೀತಿಗ್ರಂಥಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತು ನೆನಪಾಗುತ್ತಿಲ್ಲ. ಕವಡೆ ಹಾಕುವ ಮುಂಚೆ, ಎಲ್ಲರೂ ಕೇಳುವಂತೆ ಹೇಳಿ ಬದಲಿಸಿದರೆ ಅದು ನಿಯಮ. ಸೋಲುವ ಹೊತ್ತಿನಲ್ಲಿ, ತನ್ನ ಕಾಯಿಗಾಗಿ ಬದಲಿಸಿದರೆ ಅದು ಮೋಸ. ಬದಲಾವಣೆ ಎರಡರಲ್ಲೂ ಒಂದೇ ಇರಬಹುದು. ಹೊತ್ತೂ ಉದ್ದೇಶವೂ ಬೇರೆ. ಸಭೆ ಸಮಿತಿಗಳಲ್ಲಿ, ಪಾಲು ಪಂಚಾಯಿತಿಗಳಲ್ಲಿ ನಾವು ಕಾಣುವ ಅನ್ಯಾಯಗಳಲ್ಲಿ ಎಷ್ಟೋ ಆಟದ ನಡುವೆ ತಿದ್ದಿದ ನಿಯಮಗಳೇ. ಹಳೆಯ ಆಟವನ್ನು ತಿದ್ದುವ ನನ್ನ ಅಳಿಯ ಇದಕ್ಕೆ ವಿರುದ್ಧವಾದುದನ್ನು ಮಾಡುತ್ತಾನೆ. ತನಗೆ ಸುಲಭವಾಗಲೆಂದು ತಿದ್ದುವುದಿಲ್ಲ. ಸಾಮಾನ್ಯವಾಗಿ ಇನ್ನೂ ಕಷ್ಟವಾಗುವಂತೆ ತಿದ್ದುತ್ತಾನೆ. ತಿದ್ದಿದ್ದೇನೆಂದು ಮೊದಲೇ ಹೇಳುತ್ತಾನೆ.

ಆದರೆ ತಿದ್ದಿದ್ದೆಲ್ಲ ಬಾಳುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಅಪಾರ ಆಸಕ್ತಿಯಿದ್ದವರು. ಚದುರಂಗದ ಕುದುರೆಯನ್ನು ಪಟದ ಎಲ್ಲ ಮನೆಗಳಲ್ಲೂ ಒಂದೊಂದೇ ಸಲ ಓಡಾಡಿಸುವ ಬಂಧಗಳನ್ನು ರಚಿಸಿದರು. ಗಂಜೀಫ ಎಂಬ ದುಂಡನೆಯ ಎಲೆಗಳ ಆಟವನ್ನು ವಿಸ್ತರಿಸಿದರು. ದಶಾವತಾರದ ಗಂಜೀಫದಲ್ಲಿ 120 ಎಲೆಗಳು. ಅವರ ಅತಿ ದೊಡ್ಡ ಆಟದಲ್ಲಿ 360. ಅದರ ಕಲ್ಪನೆ ಬೆರಗುಗೊಳಿಸುವಂಥದು, ಚಿತ್ರಗಳು ಮನೋಹರ. ಆದರೂ ಅದನ್ನು ಆಡಬಲ್ಲವರು ಇಂದು ಸಿಗುವುದು ದುರ್ಲಭ. ನಾಲ್ಕು ಕವಡೆಯ ಆಟ ಮಾತ್ರ ಜಗಲಿಯಲ್ಲಿ ಇನ್ನೂ ಇದೆ. ತಿದ್ದುವವನ ಕೈಯಲ್ಲಿ ಹೊಸತಿನ ಉತ್ಸಾಹದಷ್ಟೇ ಮಿತದ ಎಚ್ಚರವೂ ಇರಬೇಕೆಂದು ಇದರಿಂದ ತೋರುತ್ತದೆ. 40 ಕಿಲೊಬೈಟಿನ ಇಕ್ಕಟ್ಟು ಮಾರಿಯೊವಿಗೆ ಕೊರತೆಯಲ್ಲ, ಕಾವಲು.

ಇನ್ನು ಅಧಿಕಾರದ ಪ್ರಶ್ನೆ. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಎಂಬ ಊರಿನಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಎಂಬ ಇಬ್ಬರು ತರುಣರು ಒಂದೇ ರಾತ್ರಿಯಲ್ಲಿ ಒಂದು ಕುಚೇಷ್ಟೆ ಮಾಡಿದರು. ಮಾರಿಯೊ ಸರಣಿಯ ಮೂರನೆಯ ಆಟದ ಮೊದಲ ಘಟ್ಟವನ್ನು ತಮ್ಮ ಸಾಮಾನ್ಯ ಕಂಪ್ಯೂಟರಿನ ಮೇಲೆ ಹಾಗೆಯೇ ಇಳಿಸಿ, ಮಾರಿಯೊನ ಜಾಗದಲ್ಲಿ ತಮ್ಮ ಗೆಳೆಯ ಜಾನ್ ರೊಮೆರೊನ ಆಟದ ನಾಯಕ ಡೇವ್‌ನನ್ನು ನಿಲ್ಲಿಸಿದರು. ನಮ್ಮ ಶಾಲೆಗಳ ಕಂಪ್ಯೂಟರು ಕೊಠಡಿಗಳಲ್ಲಿ ಮಕ್ಕಳು ಕದ್ದು ಆಡುತ್ತಿದ್ದ ‘ಡೇಂಜರಸ್ ಡೇವ್’ ಇವನದೇ. ತಮಾಷೆಗೆ ಅವರು ಅದಕ್ಕಿಟ್ಟ ಹೆಸರಿನಲ್ಲೇ ಕೃತಿಚೌರ್ಯವೆಂಬ ಮಾತಿತ್ತು. ಅನಂತರ ಇನ್ನಷ್ಟು ಕೆಲಸ ಮಾಡಿ ಮಾದರಿಯೊಂದನ್ನು ನಿಂಟೆಂಡೊಗೆ ಕಳುಹಿಸಿದರು. ಕಂಪನಿ ಒಪ್ಪಲಿಲ್ಲ. ಇಲ್ಲಿ ಅವರ ಮುಂದೆ ಎರಡು ದಾರಿಗಳಿದ್ದವು. ಕದ್ದದ್ದನ್ನು ಹಾಗೆಯೇ ಮಾರುವುದು ಒಂದು. ಕಲಿತದ್ದನ್ನು ತಮ್ಮದಾಗಿ ಮಾಡಿಕೊಳ್ಳುವುದು ಇನ್ನೊಂದು. ಅವರು ಎರಡನೆಯದನ್ನು ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ‘ಕಮ್ಯಾಂಡರ್ ಕೀನ್’ ಎಂಬ ಅವರ ಸ್ವಂತ ಆಟ ಹೊರಬಂತು. 1993ರಲ್ಲಿ ‘ಡೂಮ್’ ಎಂಬ ಹೆಸರುವಾಸಿ ಆಟವನ್ನು ಮಾಡಿದಾಗ, ಆಡುವವರು ತಮ್ಮದೇ ಘಟ್ಟಗಳನ್ನು ಕಟ್ಟಿಕೊಳ್ಳಲು ಅನುಕೂಲವಾಗುವಂತೆ ಅದರ ಚಿತ್ರ ನಕ್ಷೆಗಳನ್ನು ಬೇರೆಯಾಗಿ ಇಟ್ಟರು. ಪಡೆದ ಸಾಲವನ್ನು ಮುಂದಿನವರಿಗೆ ತೀರಿಸಿದರೆನ್ನಬಹುದು.

ಕದಿಯುವುದಕ್ಕೂ ಕಲಿಯುವುದಕ್ಕೂ ನಡುವಣ ಗೆರೆ ತೆಳ್ಳಗಿದೆ; ಆದರೆ ಇದೆ. ಹಳೆಯ ಆಟಗಳನ್ನು ತಿದ್ದುವವರಲ್ಲಿ ಒಂದು ಮರ್ಯಾದೆಯುಂಟೆಂದು ಅಳಿಯ ವಿವರಿಸಿದ. ಅವರು ಇಡೀ ಆಟವನ್ನು ಹಂಚುವುದಿಲ್ಲ. ತಾವು ಬದಲಿಸಿದ ಭಾಗವನ್ನು ಮಾತ್ರ ಒಂದು ತೇಪೆಯಂತೆ ಹಂಚುತ್ತಾರೆ. ಮೂಲ ಆಟ ಇದ್ದವನಿಗಷ್ಟೇ ತೇಪೆ ಉಪಯೋಗಕ್ಕೆ ಬರುತ್ತದೆ. ಮೂಲವಿಲ್ಲದೆ ಅದಕ್ಕೆ ಅರ್ಥವೇ ಇಲ್ಲ. ಎಲ್ಲರೂ ಈ ಮರ್ಯಾದೆಯನ್ನು ಪಾಲಿಸುವುದಿಲ್ಲ, ನಿಜ. ಆದರೆ ಪಾಲಿಸುವವನ ಕೆಲಸದಲ್ಲಿ ಟೀಕಾಕಾರನ ವಿನಯವಿದೆ. ಕೆಲವು ಸಲ ಮೂಲಕರ್ತನೇ ಬಾಗಿಲು ತೆರೆಯುವುದೂ ಉಂಟು. ತಮ್ಮ ಓಡುವುದನ್ನೂ ನೆಗೆಯುವುದನ್ನೂ ಚಿತ್ರೀಕರಿಸಿಕೊಂಡು, ಅದನ್ನೇ ನೋಡಿ 1989ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ರಚಿಸಿದವನು ಜಾರ್ಡನ್ ಮೆಕ್ನರ್. ಕಳೆದುಹೋಗಿದ್ದ ಅದರ ಮೂಲಬರಹ 2012ರಲ್ಲಿ ಹಳೆಯ ಡಿಸ್ಕುಗಳಲ್ಲಿ ಸಿಕ್ಕಾಗ ಅವನು ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿದ.

ಇಷ್ಟು ಕೇಳಿದ ಮೇಲೆ ಸಂಜೆ ದೇವಾಲಯಕ್ಕೆ ಹೋದೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಅಂದಿನದೇ ಇಂದಿಗೂ ಇದೆಯೇ? ಮೊದಲು ತೆರೆದಿದ್ದ ನವರಂಗಕ್ಕೆ ಜಾಲಂಧ್ರಗಳನ್ನು ಕೂಡಿಸಿದ್ದು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಎನ್ನುತ್ತಾರೆ ತಿಳಿದವರು. ಹೆಬ್ಬಾಗಿಲ ಗೋಪುರ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ್ದು. ಗರ್ಭಗುಡಿಯ ಮೇಲಿನ ಶಿಖರ ಈಗ ಇಲ್ಲ. ನಾವು “ಮೂಲ” ಎಂದು ಕೈಮುಗಿಯುವುದು ಹಲವು ಕೈಗಳ ಕೆಲಸ. ಜಾಲಂಧ್ರ ಕೆತ್ತಿದವನು ಕಂಬ ಕೆತ್ತಿದವನನ್ನು ಮೀರಿಸಲು ಹೋಗಲಿಲ್ಲ. ಅವನ ಕಂಬಕ್ಕೆ ಬೆಳಕನ್ನು ಸೋಸಿ ಕೊಟ್ಟ. ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜ ತನ್ನ ಹೆಸರನ್ನೂ ಊರನ್ನೂ ಬರೆದಿದ್ದಾನೆ. ಅವನ ಮಗ ಚಾವಣನ ಹೆಸರೂ ಇದೆ. ತಂದೆಯ ಕೈ ಮಗನಿಗೆ ಬಂದದ್ದು ಕದ್ದು ಅಲ್ಲವಷ್ಟೆ.

ಅಲ್ಲೇ ಇನ್ನೊಂದು ಬಗೆಯ ಯೋಚನೆಯೂ ಬಂತು. ಹಳೆಯ ಗುಡಿಗಳ ಗೋಡೆ ಕಂಬಗಳ ಮೇಲೆ ಹೆಸರು ಗೀಚುವವರನ್ನು ನಾವೆಲ್ಲ ಕಂಡಿದ್ದೇವೆ. ಬಳಪದ ಕಲ್ಲು ಮೆದು, ಮೊಳೆಗೂ ಬಾಗುತ್ತದೆ. ಅವನೂ “ನಾನೂ ಸ್ವಲ್ಪ ಸೇರಿಸಿದೆ” ಎನ್ನಬಹುದಲ್ಲ? ಅನ್ನಲಾರ. ಕಲ್ಲಿನ ಕಂಬ ಇರುವುದು ಒಂದೇ. ಅದರ ಮೇಲೆ ಗೀಚಿದರೆ ಮುಂದೆ ಬರುವವರೆಲ್ಲರ ಪಾಲನ್ನೂ ಕಿತ್ತುಕೊಂಡಂತೆ. ಆಟವನ್ನು ತಿದ್ದಿದವನು ಮೂಲಕ್ಕೆ ಕೂದಲೆಳೆಯಷ್ಟೂ ಊನ ಮಾಡಿಲ್ಲ. 1985ರ ಮಾರಿಯೊ 1985ರಲ್ಲಿದ್ದಂತೆಯೇ ಇದ್ದಾನೆ. ಆದ್ದರಿಂದ ನರಸಿಂಹ ಕಂಬದ ಖಾಲಿ ಚೌಕಕ್ಕೆ ಇನ್ನು ಯಾರೂ ಉಳಿ ಹಚ್ಚಬಾರದು. ಆದರೆ ಅದರ ಕರೆ ಸುಳ್ಳಲ್ಲ. “ಇಲ್ಲಿಗೆ ಮುಗಿಯಲಿಲ್ಲ, ನಿನ್ನ ಸರದಿಯೂ ಇದೆ” ಎಂದು ಅದು ಹೇಳುತ್ತದೆ. ತುಂಬಬೇಕಾದದ್ದು ಆ ಕಲ್ಲಿನಲ್ಲಲ್ಲ. ನೋಡಿದವನು ಮನೆಗೆ ಹೋಗಿ ತನ್ನ ಕಾಗದದ ಮೇಲೆ, ತನ್ನ ಮರದ ಮೇಲೆ, ತನ್ನ ರಾಗದಲ್ಲಿ. ಶಿಲ್ಪಿಯ ಗರ್ವವೆಂದು ನಾನು ತಿಳಿದದ್ದು ಅವನ ಔದಾರ್ಯ. ಎಲ್ಲವನ್ನೂ ತುಂಬಬಲ್ಲ ಕೈ ಒಂದನ್ನು ಬಿಟ್ಟುಕೊಟ್ಟಿತು.

ಒಬ್ಬ ಹುಡುಗ ಆ ಕರೆಯನ್ನು ಹದಿಮೂರು ಹದಿನಾಲ್ಕನೆಯ ವಯಸ್ಸಿಗೇ ಕೇಳಿಸಿಕೊಂಡಿದ್ದ. ಅದಕ್ಕೆ ಅವನು ಬರೆದ ಉತ್ತರವನ್ನು ನಾನು ನೀರೊಲೆಗೆ ಹಾಕಿದೆ. ಆಟದ ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟದ್ದನ್ನು ಇಂದಿಗೂ ಸಮರ್ಥಿಸಬಲ್ಲೆ. ಪರೀಕ್ಷೆಯ ಕಾಲದಲ್ಲಿ ಯಾವ ಹಿರಿಯನಾದರೂ ಅಷ್ಟು ಮಾಡಿಯಾನು. ಪುಸ್ತಕವನ್ನು ಸುಟ್ಟದ್ದಕ್ಕೆ ಸಮರ್ಥನೆಯಿಲ್ಲ. ಆಡುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಗಣಿತದ ಮೇಷ್ಟರಿಗೆ ಕಾಣಬೇಕಾಗಿತ್ತು. ಆ ಚೌಕಳಿಗಳಲ್ಲಿ ಇದ್ದುದೂ ಲೆಕ್ಕವೇ: ಇಷ್ಟು ಅಗಲದ ಹಳ್ಳಕ್ಕೆ ಎಷ್ಟು ಓಟ ಬೇಕು, ಎಷ್ಟೆತ್ತರ ನೆಗೆಯಬೇಕು ಎಂಬ ಲೆಕ್ಕ. ನಾನು ಕೊಟ್ಟ ಲೆಕ್ಕವಲ್ಲವೆಂಬುದೊಂದೇ ಅದರ ತಪ್ಪು.

ಅವರು ಬೆಂಗಳೂರಿಗೆ ಹೊರಡುವ ದಿನ ಪೇಟೆಗೆ ಹೋಗಿ ಎರಡು ಚೌಕಳಿ ನೋಟುಪುಸ್ತಕ ತಂದೆ. ಒಂದನ್ನು ಹುಡುಗಿಗೆ ಕೊಟ್ಟೆ. ಇನ್ನೊಂದನ್ನು ಅಳಿಯನ ಕೈಗಿಟ್ಟು, “ಅವತ್ತು ನಾನು ಹಾಗೆ ಮಾಡಬಾರದಿತ್ತು ಕಣೋ” ಎಂದೆ. ಅವನು ಸ್ವಲ್ಪ ಹೊತ್ತು ಪುಟಗಳನ್ನು ತಿರುವುತ್ತ ನಿಂತ. ಆಮೇಲೆ, “ಮಾವ, ಆ ಕಂಬಗಳ ಘಟ್ಟದಲ್ಲಿ ಐದನೇ ಕಂಬ ಹೇಗಿತ್ತು ಅಂತ ಜ್ಞಾಪಕಕ್ಕೆ ಬರ್ತಿಲ್ಲ. ದಿನಾ ದೇವಸ್ಥಾನಕ್ಕೆ ಹೋಗ್ತೀರಲ್ಲ, ನೀವೇ ಒಂದು ಬರೆದು ಕಳಿಸಿ” ಎಂದು, ಆ ಪುಸ್ತಕವನ್ನು ನನಗೇ ಹಿಂದಿರುಗಿಸಿದ.

ನಾಲ್ಕು ದಿನದಿಂದ ಪೆನ್ಸಿಲು ಹಿಡಿದು ಕುಳಿತಿದ್ದೇನೆ. ಸುಲಭವಲ್ಲ.